ಬಿಡ್ರಿ ಅಂದಿದ್ದು

ಅಟ್ಟದ ಮೇಲೆ ಎಲ್ಲೋ ಒಂದು ತೆಂಗಿನಕಾಯಿ ಉರುಳಿತು, ಇಲಿಯಿರಬೇಕು, ಉರುಳಿ ಇನ್ನೊಂದಕ್ಕೆ ತಾಗಿ ಸುಮ್ಮನಾಯಿತು — ಮಂಕು ಸದ್ದು, ಮೂಲೆಯ ಕಾಯಿ ಅದು, ಒಲೆಯ ಬಿಸಿ ಅಲ್ಲಿಗೆ ತಡವಾಗಿ ತಲುಪುತ್ತದೆ, ಒಣಗಲು ಇನ್ನೂ ಒಂದು ತಿಂಗಳು ಬೇಕು — ಎಂದು ಭೂತಮ್ಮ ನಡುಮನೆಯ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿಕೊಂಡೇ ತೀರ್ಪು ಕೊಟ್ಟಳು, ಅಷ್ಟರಲ್ಲಿ ಎಡಸೊಂಟದ ಕೆಳಗೆ ನೀವಲು ಬಂದ ಗುರುಸಿದ್ದಮ್ಮನ ಹೆಬ್ಬೆರಳು ಇಳಿಯಿತು, ಅಯ್ಯಯ್ಯಪ್ಪಾ, ಹೆಬ್ಬೆರಳೋ ಕಾಯಿ ಸುಲಿಯುವ ಸಲಾಕೆಯೋ, ಇಷ್ಟುದ್ದದ ಹುಡುಗಿ, ಜಡೆ ಹಾಕಿದರೆ ಹೈಸ್ಕೂಲಿಗೆ ಹೋಗುವವಳ ಹಾಗೆ ಕಾಣುತ್ತಾಳೆ, ಕೈಯಲ್ಲಿ ಮಾತ್ರ ಗಾಣದ ಬಲ, ಇನ್ನೇನು ಕಿರುಚಬೇಕು ಅನ್ನುವಾಗ ಆ ಬೆರಳು ಒತ್ತುವುದನ್ನು ನಿಲ್ಲಿಸಿ ಸುಮ್ಮನೆ ಕಾಯುತ್ತದೆ, ಕಾಯುತ್ತಲೇ ಇರುತ್ತದೆ, ಒಳಗಿನ ಗಂಟು ತಾನಾಗಿ ಕರಗುತ್ತದೆ, ಆಮೇಲೆ ಅಂಗೈ ತೊಡೆಯವರೆಗೂ ನಿಧಾನವಾಗಿ ಜಾರುತ್ತದೆ, ಮೂಳೆಯ ಮೇಲಿನ ಮಾಂಸವೆಲ್ಲ ಜರುಗಿ ಜಾಗ ಬದಲಿಸಿದ ಹಾಗೆ — ಬಿಡ್ರಿ ಅಮ್ಮಾರ, ಬಿಡ್ರಿ, ಅನ್ನುತ್ತಾಳೆ, ಭೂತಮ್ಮನಿಗೆ ನಗು ತಡೆಯುವುದಿಲ್ಲ, ಚಾಪೆಯೆಲ್ಲ ಅಲುಗಾಡುವಷ್ಟು ನಗು, ಯಾಕಂದರೆ ಇದೇ ಮಾತಿಗಲ್ಲವೇ ಅವಳು ಸಾಯಲು ತಯಾರಾಗಿದ್ದು.

ಕಳೆದ ದೀಪಾವಳಿಯ ಮಾರನೇ ದಿನ, ತೋಟದಲ್ಲಿ ಬಿದ್ದಿದ್ದ ತೆಂಗಿನ ಗರಿಯ ಎಡಮಟ್ಟೆಯ ಮೇಲೆ ಕಾಲಿಟ್ಟು ಜಾರಿ ಕೂತದ್ದು, ಕೂತವಳು ಏಳದೇ ಹೋದದ್ದು, ತಿಪಟೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಮೂಳೆ ಗಟ್ಟಿಯಾಗಿದೆ, ಸುತ್ತಲಿನ ಮಾಂಸಖಂಡ ಬಿಗಿದುಕೊಂಡಿದೆ, ನೀವಿಸಿಕೊಳ್ಳಬೇಕು ಅಂದದ್ದು, ಅಲ್ಲಿ ಒಳಕೋಣೆಯಲ್ಲಿ ಗದಗದ ಕಡೆಯಿಂದ ಹೊಸದಾಗಿ ಬಂದಿದ್ದ ಈ ಗುರುಸಿದ್ದಮ್ಮ ಸೊಂಟಕ್ಕೆ ಕೈ ಹಾಕಿದ್ದೇ ತಡ, ಮೂರು ಸಲ ಅಂದಳು, ಬಿಡ್ರಿ, ಬಿಡ್ರಿ ಅಮ್ಮಾರ, ಬಿಟ್ಟಬಿಡ್ರಿ — ಭೂತಮ್ಮನ ಊರು ಬಿಳಿಗೆರೆಯಲ್ಲಿ ಆಸ್ಪತ್ರೆಯವರು ಬುಟ್ಬುಡಿ ಅಂದರೆ ಏನರ್ಥ, ನೆಂಟರಿಗೆಲ್ಲ ಹೇಳಿಕಳಿಸಿ ಅಂತ ಅರ್ಥ, ಭೂತಮ್ಮ ಎದ್ದು ಕುಂಟಿಕೊಂಡು ಬಸ್ಸು ಹತ್ತಿದಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಕೈಬುಟ್ರು ಕಣ್ರೀ ಎಂದು ಗಂಡ ಶ್ರೀರಂಗಯ್ಯನ ಮುಂದೆ ಕೂತಳು, ಅವನಿಗೋ ಕಿವಿ ಮಂದ, ಯಾರು ಕಾಯ್ಬುಟ್ರು, ಯಾವ್ ಮರ್ದಾಗೆ ಅಂದ. ತಿಂಗಳು ಪೂರ್ತಿ ಮಂಚ. ಬ್ರೆಡ್ಡು, ಬಾಳೆಹಣ್ಣು, ಉದ್ದನೆಯ ಮುಖಗಳು. ಕಂದಿಕೆರೆಯಿಂದ ತಂಗಿ ಚಿಕ್ಕಗೌರಮ್ಮ ಬಂದು ಕಣ್ಣೊರೆಸಿಕೊಂಡು, ಅಕ್ಕಯ್ಯ, ನಿನ್ ಕಿವಿ ಓಲೆ ಯಾರ್ಗೆ ಅಂತ ಏನಾರ ಯೋಚ್ನೆ ಮಾಡಿದ್ದೀಯಾ — ಅವತ್ತು ಸಿಟ್ಟು ಬಂದಿತ್ತು, ಈಗ ನೆನೆದರೆ ಅದಕ್ಕೂ ನಗು. ಒಂದು ಭಾನುವಾರ ಬಸ್ಸಿಳಿದು ಹುಡುಕಿಕೊಂಡು ಬಂದೇಬಿಟ್ಟಳಲ್ಲ ಈ ಹುಡುಗಿ, ಯಾಕ್ರಿ ಅಮ್ಮಾರ, ಒಂದ ದಿನಕ್ಕ ಬರೋದು ಬಿಟ್ರಿ? ನೀನೇ ತಾನೇ ತಾಯಿ ಬುಡು ಅಂದಿದ್ದು. ಅಯ್ಯ ಶಿವನ, ಮೈ ಬಿಗಿ ಹಿಡದಿದ್ರಿ, ಆ ಬಿಗಿ ಬಿಡ್ರಿ ಅಂದೆ! ಭೂತಮ್ಮ ಮೆಲ್ಲಗೆ ಕೇಳಿದಳು, ಕೊಬ್ಬರಿ ಚಿಪ್ಪು ಬುಡ್ತದಲ್ಲ, ಹಂಗಾ? ಹಂಗ ನೋಡ್ರಿ.

ಹಂಗೆ ಅಂತ ಮೊದಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ, ಅದು ಭೂತಮ್ಮನಿಗೆ ಗೊತ್ತಿಲ್ಲದ ವಿದ್ಯೆಯೇ, ವರ್ಷವಿಡೀ ಅಟ್ಟದಲ್ಲಿ ಒಣಗುವ ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಬೇಕು, ಲೊಡಲೊಡ ಅಂದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆದರೆ ಉಂಡೆಯಾಗಿ ಈಚೆ ಬರುತ್ತದೆ, ಸದ್ದಿಲ್ಲದಿದ್ದರೆ ಇನ್ನೂ ಅಂಟಿಕೊಂಡಿದೆ, ಒಡೆದರೆ ಚೂರು ಚೂರು — ಅವಳು ಮಲಗಿದ್ದಾಗ ಶ್ರೀರಂಗಯ್ಯ ತಾನೇ ಅಟ್ಟ ಹತ್ತಿ, ಎಲ್ಲಾ ಲೊಡಲೊಡ ಅಂತವೆ ಕಣೇ ಎಂದು ಒಂದು ರಾಶಿ ಒಡೆಸಿದ, ಅವನ ಕಿವಿಗೆ ಗುಡುಗೂ ಒಂದೇ ಗೆಜ್ಜೆಯೂ ಒಂದೇ, ಬುಟ್ಟಿ ತುಂಬ ಹಸಿ ಚೂರು, ಅವತ್ತು ಅವಳು ಅತ್ತದ್ದು ಸೊಂಟಕ್ಕಲ್ಲ. ನಾಳೆ ಸುಲಿಯುವವರು ಬರುತ್ತಾರೆ. ಇವತ್ತು ಅವಳು ಹತ್ತಿ ಕಾಯಿ ಆರಿಸದಿದ್ದರೆ ಮತ್ತೆ ಅವನೇ ಹತ್ತುತ್ತಾನೆ, ಆಗಲೇ ಪಂಚೆ ಎತ್ತಿ ಕಟ್ಟಿಕೊಂಡು ಏಣಿಯ ಪಕ್ಕ ನಿಂತಿದ್ದಾನೆ ಮಹಾರಾಯ. ಎಂಟು ಭಾನುವಾರದ ನೀವಿಕೆ, ಮಲಗಿ ಕಾಲೆತ್ತಿದ್ದು ಎಷ್ಟು ಸಲವೋ, ಕಂಬ ಹಿಡಿದು ಒಂಟಿಕಾಲು, ಕಂಬ ಬಿಟ್ಟು ಒಂಟಿಕಾಲು, ಮಜ್ಜಿಗೆ ಕಡೆಯುವಾಗಲೂ ಒಂಟಿಕಾಲು, ನಮ್ಮನೇಗೊಂದು ಕೊಕ್ಕರೆ ಬಂದು ಸೇರ್ಕೊಂಡದೆ ಎಂದು ಅವನು ಬೀದಿಗೆಲ್ಲ ಸಾರಿದ — ಸಾರಲಿ, ಕೊಕ್ಕರೆ ಬೀಳುತ್ತದೆಯೇ ಎಲ್ಲಾದರೂ.

ಏಳ್ರಿ ಅಮ್ಮಾರ, ಅಂದಳು ಗುರುಸಿದ್ದಮ್ಮ. ಎದ್ದಳು. ಎಣ್ಣೆಯ ಬಿಸಿ ಇನ್ನೂ ಸೊಂಟದಲ್ಲಿದೆ, ಏಣಿಗೆ ಏಳೇ ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಒಂದು ಗಳಿಗೆ ಒಂಟಿಕಾಲು, ಬಲಗಾಲು ಎತ್ತಿದರೆ ಎಡಸೊಂಟ ಹಿಡಿಯಬೇಕು, ಹಿಡಿಯುತ್ತದೆಯೇ, ಒಂದು, ಹಿಡಿಯಿತು, ಎರಡು, ಶ್ರೀರಂಗಯ್ಯ ಕೆಳಗಿಂದ ಕೈ ಚಾಚಿದ್ದಾನೆ, ತಗೀರಿ ಆ ಕೈಯ, ನೀವೇ ನನ್ ಬೀಳಿಸ್ತೀರ, ಮೂರು, ನಾಲ್ಕನೆಯದರಲ್ಲಿ ಸೊಂಟ ನಡುಗಿತು, ಎಡಮಟ್ಟೆ ಕಣ್ಣೆದುರು ಬಂತು, ಜಾರಿದ ಕಾಲು, ತಲೆಕೆಳಗಾದ ಆಕಾಶ, ಕೈಗಳು ಏಣಿಯನ್ನು ಕಚ್ಚಿ ಹಿಡಿದವು, ಮೈಯೆಲ್ಲ ಕಲ್ಲು — ಬಿಡ್ರಿ ಅಮ್ಮಾರ, ಎಂದು ಕೆಳಗಿಂದ ಆ ಹುಡುಗಿ ಮೆತ್ತಗೆ, ಬಿಗಿ ಬಿಡ್ರಿ — ಏನು ಬಿಡಬೇಕೆಂದು ಈಗ ಗೊತ್ತು, ಉಸಿರು ಬಿಟ್ಟಳು, ಭುಜ ಬಿಟ್ಟಳು, ಸೊಂಟ ಮಾತ್ರ ಗಟ್ಟಿಯಾಗಿ ನಿಂತಿತು, ಐದು, ಆರು, ಏಳು, ಬೆಚ್ಚನೆಯ ಕತ್ತಲು, ಹೊಗೆಯ ವಾಸನೆ, ಕೊಬ್ಬರಿಯ ವಾಸನೆ, ಮೂರು ತಿಂಗಳಿಂದ ಅವಳಿಗಾಗಿ ಕಾದು ಕೂತ ಕಾಯಿಗಳು, ಎಷ್ಟು ಸಂತೋಷವಾಯಿತೆಂದರೆ ಒಂದೆರಡನ್ನು ಸುಮ್ಮನೆ ಸವರಿದಳು, ಆಮೇಲೆ ನಡುವಿನಿಂದ ಒಂದನ್ನು ಎತ್ತಿ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದಳು. ಬುಟ್ಟದೆ! ಎಂದು ಕೂಗಿದಳು. ಏನ್ ಬಿಟ್ಟೈತ್ರಿ, ಕೊಬ್ಬರಿನೋ, ಟೊಂಕಾನೋ, ಎಂದು ಕೆಳಗಿಂದ ಗುರುಸಿದ್ದಮ್ಮ, ಯಾರ್ ಬುಟ್ರು ಎಂದು ಶ್ರೀರಂಗಯ್ಯ, ಉತ್ತರ ಕೊಡಬೇಕು, ಕೊಡುತ್ತಾಳೆ, ಇನ್ನೊಂದೇ ಸಲ ಕೇಳಿಸಿಕೊಂಡು ಆಮೇಲೆ, ಇನ್ನೊಂದೇ ಸಲ, ಕಿವಿಯ ಪಕ್ಕ ಕಾಯಿ, ಲೊಡಲೊಡ, ಕಿವಿಯ ಪಕ್ಕ ಕಾಯಿ, ಲೊಡಲೊಡ, ಕಾಯಿ —