ಆರು ಗಂಟೆ ಓಡಿದ ಯಂತ್ರ

ಮೀಟರಿನ ಗಾಜಿನ ಮೇಲಿನ ಧೂಳನ್ನು ಫಿಟ್ಟರ್ ಹೆಬ್ಬೆರಳಿನಿಂದ ಒರೆಸಿ ಟಾರ್ಚನ್ನು ಹತ್ತಿರ ಹಿಡಿದ. ಯಂತ್ರ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಎಣಿಸಿಡುವ ಪುಟ್ಟ ಮೀಟರ್ ಅದು. ಐದು ಅಂಕಿಗಳಲ್ಲಿ ನಾಲ್ಕು ಸೊನ್ನೆ. ಕೊನೆಯದು ಆರು.

ಕೆಟ್ಟಿರಬೇಕು ಎಂದುಕೊಂಡ. ಹನ್ನೊಂದು ವರ್ಷದ ಹಿಂದೆ ಈ ಶೀತಲಗೃಹದಲ್ಲಿ ಯಂತ್ರ ಕೂರಿಸಿದವನು ಅವನೇ. ಉದ್ಘಾಟನೆಯ ದಿನ ಬಾಡಿಗೆ ಜನರೇಟರ್ ತರಿಸಿ ಓಡಿಸಿದವನೂ ಅವನೇ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ಬೆರಳು ಮಡಚಿ ಎಣಿಸಿದ. ಆರೇ ಗಂಟೆ. ಬೆಲ್ಟಿನ ಕವಚ ಬಿಚ್ಚಿದರೆ, ಬೆಲ್ಟಿನ ಮೇಲೆ ಕಂಪನಿಯವರು ಅಚ್ಚೊತ್ತಿದ ಬಿಳಿ ಅಕ್ಷರ ಒಂದೂ ಸವೆದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮುದಿ ಕಾವಲುಗಾರನನ್ನು ಕೇಳಿದ, "ಯಜಮಾನ್ರೇ, ಇದು ಓಡ್ಲೇ ಇಲ್ವಾ?"

"ಕರೆಂಟ್ ಲೈನ್ ಬಂದಿದ್ರೆ ತಾನೇ ಓಡೋದು? ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂದ್ರು. ರೈತರು ಒಂದಷ್ಟು ದಿನ ಆಲೂಗಡ್ಡೆ ಮೂಟೆ ತಂದು, ಬೀಗದ ಮುಖ ನೋಡ್ಕೊಂಡು ಹೋದ್ರು. ಆಮೇಲೆ ಇಲೀನೂ ಈ ಕಡೆ ತಲೆ ಹಾಕ್ಲಿಲ್ಲ."

ಫಿಟ್ಟರ್ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

ಯಂತ್ರ ಕೂರಿಸಿದ ಆ ವರ್ಷ, ಕೆಲಸದ ಉಸ್ತುವಾರಿ ಹೊತ್ತಿದ್ದ ಇಂಜಿನಿಯರ್ ಕಾಲಡಿ ಕೆಂಡ ಬಿದ್ದವನಂತೆ ಅವಸರಪಟ್ಟಿದ್ದ. "ದೇಶ ನೂರು ಪಾಲು ದುಡಿದ್ರೆ ಮೂವತ್ತು ಪಾಲು ಇಂಥ ಯಂತ್ರಕ್ಕೆ, ಕಟ್ಟಡಕ್ಕೆ ಹೂಡ್ಬೇಕು ಮೇಸ್ತ್ರಿ. ಆಗ್ಲೇ ನಾವು ಮುಂದೆ ಬರೋದು. ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿದೀವಿ. ವರ್ಷ ಮುಗಿಯೋದ್ರೊಳಗೆ ಇದು ಎದ್ದು ನಿಲ್ಲಲೇಬೇಕು" ಎಂದಿದ್ದ. ಸಾರುವೆಯ ಹಗ್ಗ ಸರಿಯಾಗಿ ಬಿಗಿಯುವ ಮೊದಲೇ ಫಿಟ್ಟರನ ಬಾಮೈದ ಪೈಪು ಹೊತ್ತು ಚಾವಣಿಗೆ ಹತ್ತಿದ. ಬಿದ್ದ. ಸೊಂಟದಿಂದ ಕೆಳಗೆ ಮತ್ತೆ ಜೀವ ಬರಲಿಲ್ಲ. ಅಂದಿನಿಂದ ಅಕ್ಕನ ಮನೆಯಲ್ಲೇ ಇದ್ದು, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದಲ್ಲಿ ಚೀಲ ಹೊಲಿಯುತ್ತಿದ್ದ.

ತಮ್ಮನನ್ನು ನೋಡಿ ಹೆಂಡತಿ ಕಣ್ಣೀರು ಹಾಕಿದಾಗಲೆಲ್ಲ ಫಿಟ್ಟರ್ ಹೇಳುತ್ತಿದ್ದದ್ದು ಒಂದೇ ಮಾತು: "ಅವನ ಕಾಲು ಸುಮ್ನೆ ಹೋಗ್ಲಿಲ್ಲ ಕಣೆ. ಒಂದು ಸೀಮೆ ಬೆಳೆ ಕೊಳೀದೆ ಉಳಿದಿದೆ." ಸುಳ್ಳು ಹೇಳಿರಲಿಲ್ಲ. ನಂಬಿದ್ದ.

ಯಂತ್ರ ಬಿಚ್ಚಲು ಈಗ ಅವನನ್ನು ಕರೆಸಿದವನೂ ಅದೇ ಇಂಜಿನಿಯರ್. ತಲೆ ನರೆತಿತ್ತು, ಕಾರು ದೊಡ್ಡದಾಗಿತ್ತು. ಹನ್ನೊಂದರ ಹೊತ್ತಿಗೆ ಬಂದವನೇ ಯಂತ್ರದ ಬೆನ್ನು ತಟ್ಟಿದ.

"ಒಂದು ಗೀರಿಲ್ಲ ನೋಡಿ. ಪಕ್ಕದ ಪಟ್ಟಣದಲ್ಲಿ ಹೊಸ ಶೀತಲಗೃಹ ಎದ್ದಿದೆ. ಬಣ್ಣ ಹೊಡೆದು, ಮೀಟರ್ ಬದಲಾಯಿಸಿ, ಅಲ್ಲಿ ಕೂರಿಸಿಬಿಡಿ. ಹೊಸದು ಅಂತ ಈ ವರ್ಷದ ಹೂಡಿಕೆಗೆ ಸೇರುತ್ತೆ."

"ಅಲ್ಲಿ ಕರೆಂಟ್ ಇದೆಯಾ ಸಾರ್?"

"ಬರುತ್ತೆ. ವರ್ಷ ಮುಗೀತಾ ಬಂತು, ಸ್ವಲ್ಪ ಬೇಗ ಮಾಡಿ."

"ಹೋದ ಸಲಾನೂ ಹೀಗೇ ಅಂದಿದ್ರಿ ಸಾರ್. ಹುಡುಗ ಬಿದ್ದ."

ಇಂಜಿನಿಯರ್ ಹುಬ್ಬು ಗಂಟಿಕ್ಕಿ ಯೋಚಿಸಿದ. ನಟಿಸುತ್ತಿರಲಿಲ್ಲ, ನಿಜಕ್ಕೂ ನೆನಪಿಸಿಕೊಳ್ಳಲು ಹೆಣಗುತ್ತಿದ್ದ.

"ಯಾವ ಹುಡುಗ?"

ಫಿಟ್ಟರ್ ಸ್ಪ್ಯಾನರ್ ಎತ್ತಿಕೊಂಡ. ಬಿಚ್ಚಿದ್ದ ಕವಚವನ್ನು ಮತ್ತೆ ಕೂರಿಸಿ ನಟ್ಟು ಬಿಗಿದ. ತೆರೆದದ್ದನ್ನು ಹಾಗೇ ಬಿಟ್ಟು ಅಭ್ಯಾಸವಿರಲಿಲ್ಲ. ಸಾಮಾನನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿ ಹೊರಟ. ಹಿಂದಿನಿಂದ ಇಂಜಿನಿಯರ್ ಬೇರೆ ಫಿಟ್ಟರಿಗೆ ಫೋನು ಮಾಡುತ್ತಿದ್ದುದು ಕೇಳುತ್ತಲೇ ಇತ್ತು.

ಮರುದಿನ ಮಧ್ಯಾಹ್ನ ಮನೆ ಸೇರಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ.

ಬಾಮೈದ ಹೊಲಿಗೆಯಿಂದ ತಲೆ ಎತ್ತದೆಯೇ ಕೇಳಿದ, "ಹೇಗಿದೆ ಭಾವ ನಮ್ಮ ಯಂತ್ರ? ಓಡಿ ಓಡಿ ಸವೆದಿರ್ಬೇಕು, ಅಲ್ವಾ?"

"ಓಡ್ಲೇ ಇಲ್ಲ ಕಣೋ" ಎಂಬ ಮಾತು ಅವನ ಅಪ್ಪಣೆ ಕೇಳದೆ ಹೊರಬಿತ್ತು. "ಲೈನೇ ಎಳೀಲಿಲ್ವಂತೆ."

ಸೂಜಿ ಬಟ್ಟೆಯೊಳಗೇ ನಿಂತಿತು.

"ಒಂದು ಮೂಟೆನೂ ಇಡ್ಲಿಲ್ವಾ?"

"ಇಲ್ಲ."

ಬಾಮೈದ ಚೀಲದ ಅಂಚನ್ನು ಬೆರಳಿನಿಂದ ನೀವುತ್ತಾ ಕೂತ. ಆಮೇಲೆ ಮೆಲ್ಲಗೆ ಹೇಳಿದ, "ಅಕ್ಕನಿಗೆ ಹೇಳ್ಬೇಡಿ ಭಾವ."

ಫಿಟ್ಟರ್ ತಿರುಗಿ ನೋಡಿದ. ಹಿತ್ತಲ ಬಾಗಿಲಲ್ಲಿ ಅವಳು ನಿಂತಿದ್ದಳು, ಒಗೆದ ಹೊದಿಕೆಯನ್ನು ಹಿಂಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು. ನೀರು ಅವಳ ಪಾದದ ಮೇಲೆ ಸುರಿದು, ಹೊಸಿಲು ದಾಟಿ, ನೆಲದುದ್ದಕ್ಕೂ ಹರಿದು ಒಳಗೆ ಬರುತ್ತಿತ್ತು.