ಒದ್ದೆ ಮರಿಯ ತೂಕ

ಮರಿ ಕೈಗವಸನ್ನು ಕಚ್ಚಿ ಹಿಡಿದಿತ್ತು. ಅಗ್ರಫೇನಾ ಬಿಡಿಸಿಕೊಳ್ಳಲು ಹೋಗಲಿಲ್ಲ. ಐವತ್ತೈದು ವರ್ಷದಲ್ಲಿ ಅವಳನ್ನು ಕಚ್ಚಿದ ಸೀಲ್ ಮರಿಗಳಿಗೆ ಲೆಕ್ಕವಿರಲಿಲ್ಲ. ಸುಮ್ಮನಿದ್ದರೆ ತಾವೇ ಬಿಡುತ್ತವೆ. ಇನ್ನೊಂದು ಕೈಯ ಗವಸನ್ನು ಹಲ್ಲಿನಿಂದ ಎಳೆದು ತೆಗೆದು, ಮರಿಯ ಕಪ್ಪು ಬೆನ್ನಿನ ಮೇಲೆ ಬೆರಳಾಡಿಸಿದಳು.

"ಒದ್ದೆ ಇದೆ."

"ಮಂಜು ಬಿದ್ದಿದೆ ಅಕ್ಕ. ಒದ್ದೆ ಇರದೆ ಇನ್ನೇನು?" ಎಂದ ಟ್ರೋಫಿಮ್. ಅವನು ಅವಳ ಚಿಕ್ಕಪ್ಪನ ಮಗ. ಮರಿಗಳನ್ನು ಹಿಂಗಾಲು ಹಿಡಿದು ಎತ್ತಿ ತಂದು ತಕ್ಕಡಿಯ ಚೀಲಕ್ಕೆ ಹಾಕುವುದು ಅವನ ಕೆಲಸ, ಮುಳ್ಳು ನೋಡಿ ಹೇಳುವುದು ಅವಳ ಕೆಲಸ. "ನೋಡಿದ್ರೇನೇ ಗೊತ್ತಾಗುತ್ತೆ, ಹತ್ತು ಕಿಲೋ ಮೇಲಿದೆ. ಬರ್ಕೊಳ್ಳಮ್ಮ ಮೆರೆಡಿತ್."

"ಬರ್ಕೋಬೇಡ," ಎಂದಳು ಅಗ್ರಫೇನಾ. "ಇದಕ್ಕೆ ಮುಂಚೆ ತಂದಿದ್ರಲ್ಲಿ ಎಷ್ಟು ಮರಿ ಒದ್ದೆ ಇದ್ವು?"

ಟ್ರೋಫಿಮ್ ಸಮುದ್ರದ ಕಡೆ ನೋಡಿದ. ಮಂಜಿನಲ್ಲಿ ಸಮುದ್ರ ಕಾಣುತ್ತಿರಲಿಲ್ಲ.

"ಲೋ, ನಿನ್ನೇ ಕೇಳ್ತಿರೋದು."

"ಮೂರು ಇರಬಹುದು. ನಾಲ್ಕು."

ಸಂಶೋಧನೆಗೆಂದು ಪ್ರತಿ ವಸಂತದಲ್ಲಿ ದ್ವೀಪಕ್ಕೆ ಬರುವ ಮೆರೆಡಿತ್ ಪೆನ್ಸಿಲ್ ಎತ್ತಿ ಹಿಡಿದು ಇಬ್ಬರನ್ನೂ ನೋಡಿದಳು. ಒದ್ದೆ ತುಪ್ಪಳ ಕಾಲು ಕಿಲೋದಷ್ಟು ನೀರು ಹಿಡಿಯುತ್ತದೆ. ಅವಳು ಅದನ್ನು ಪುಸ್ತಕದಲ್ಲಿ ಓದಿದ್ದಳು. ಉಳಿದಿಬ್ಬರಿಗೆ ಅದು ಕೈಗೇ ಗೊತ್ತಿತ್ತು.

ಕಾಲು ಕಿಲೋ ಸಣ್ಣ ಮಾತಾಗಿರಲಿಲ್ಲ. ಐವತ್ತು ಗಂಡು ಮರಿಗಳ ಸರಾಸರಿ ತೂಕ ಒಂಬತ್ತು ಕಿಲೋ ಮುಟ್ಟದಿದ್ದರೆ ಆ ಶರತ್ಕಾಲ ಬೇಟೆಯಿಲ್ಲ ಎಂದು ಊರ ಸಭೆ ತಾನೇ ನಿಯಮ ಹಾಕಿಕೊಂಡಿತ್ತು. ಸಭೆಯಲ್ಲಿ ಮೊದಲು ಕೈಯೆತ್ತಿದವಳು ಅಗ್ರಫೇನಾ. ಆಮೇಲೆ ಎರಡು ವರ್ಷ ಬೇರಿಂಗ್ ಸಮುದ್ರ ಬೆಚ್ಚಗಾಯಿತು. ನೀರು ಬೆಚ್ಚಗಾದರೆ ಮೀನು ದೂರ ಸರಿಯುತ್ತದೆ. ತಾಯಂದಿರು ಹುಡುಕಿಕೊಂಡು ಹೋಗಿ ಹನ್ನೊಂದು ಹನ್ನೆರಡು ದಿನಕ್ಕೆ ಮರಳುತ್ತವೆ. ಅಷ್ಟು ದಿನ ಕಲ್ಲಿನ ಮೇಲೆ ಉಪವಾಸ ಕಾದ ಮರಿಯ ಸೊಂಟದ ಮೂಳೆ ಕಾಣತೊಡಗುತ್ತದೆ. ಕೆಲವು ಕಾಯುವುದನ್ನೇ ನಿಲ್ಲಿಸುತ್ತವೆ. ಎರಡು ಶರತ್ಕಾಲ ಊರಿನಲ್ಲಿ ಯಾರೂ ಸೀಲ್ ಮಾಂಸ ತಿನ್ನಲಿಲ್ಲ. ಎಂಬತ್ತನಾಲ್ಕು ವರ್ಷದ ಅವಳ ಅಪ್ಪ ಮಕಾರಿ ವಿಮಾನದಲ್ಲಿ ಬಂದ ಕೋಳಿಯನ್ನು ತಟ್ಟೆಯ ಅಂಚಿಗೆ ತಳ್ಳಿ, "ಕೈಯೆತ್ತಿದ್ದು ನೀನೇ ಅಲ್ವಾ?" ಎಂದು ದಿನಾ ಕೇಳುತ್ತಿದ್ದ.

"ಆ ನಾಲ್ಕನ್ನ ಪಟ್ಟಿಯಿಂದ ತೆಗೆದುಹಾಕು," ಎಂದಳು ಮೆರೆಡಿತ್‌ಗೆ.

"ಹಾಗಾದ್ರೆ ಮೂವತ್ತನಾಲ್ಕೇ ಉಳಿಯುತ್ತೆ. ಇನ್ನೂ ಹದಿನಾರು ಬೇಕು. ಈ ದಂಡೆಗೆ ಇಳಿಯೋಕೆ ನಮಗೆ ಅನುಮತಿ ಇರೋದು ಇವತ್ತೊಂದೇ ದಿನ, ನಿಮಗೆ ಗೊತ್ತಲ್ಲ. ಮಂಜು ಬಿಡದಿದ್ರೆ?"

"ಬಿಡದಿದ್ರೆ ಇಲ್ಲ."

"ನಾಲ್ಕೂ ಒಳ್ಳೇ ಗುಂಡಗಿದ್ವು," ಎಂದ ಟ್ರೋಫಿಮ್. "ದೊಡ್ಡಪ್ಪನಿಗೆ ನೀನೇ ಹೇಳು ಅಕ್ಕ. ನಿನ್ನ ಊಟ ಒಣಗಲಿಲ್ಲ, ಅದಕ್ಕೇ ತರಲಿಲ್ಲ ಅಂತ."

ಮರಿಗಳನ್ನು ಬಿಟ್ಟು ಮೂವರೂ ಬಂಡೆಯ ಹಿಂದೆ ಸರಿದು ಕೂತರು. ಮನುಷ್ಯರು ಮರೆಯಾದ ಮೇಲೆ ನೀರಿಗಿಳಿದಿದ್ದ ತಾಯಂದಿರು ಒಂದೊಂದಾಗಿ ಹತ್ತಿಬಂದವು. ಅಗ್ರಫೇನಾ ಒಣಮೀನು ಹರಿದು ಹಂಚಿದಳು. ಭುಜದ ಮೇಲೆ ಬಿಳಿ ಗಾಯದ ಗೆರೆಯಿದ್ದ ಒಂದು ತಾಯಿ ದಂಡೆ ಏರಿ ಕೂಗಿತು. ಎಲ್ಲಿಂದಲೋ ಒಂದು ಮರಿ ಕುರಿಯಂತೆ ಅರಚುತ್ತ, ಬಿದ್ದು ಎದ್ದು ಬಂತು.

"ದಿನಾ ಮೇಲಿನಿಂದ ನೋಡ್ತಿದ್ದೆ, ಗೆರೆಯವಳು ಹೋಗಿದ್ದು ಕಳೆದ ಗುರುವಾರ," ಎಂದಳು ಅಗ್ರಫೇನಾ.

ಮೆರೆಡಿತ್ ಬೆರಳು ಮಡಿಸಿದಳು. "ಆರು ದಿನ."

"ಹೋದ ವರ್ಷ ಹನ್ನೆರಡು. ಆ ಮರಿ ಸತ್ತುಹೋಯ್ತು."

"ಈ ಸಲ ಚಳಿಗಾಲದಲ್ಲಿ ಸಮುದ್ರಕ್ಕೆ ಮಂಜುಗಡ್ಡೆ ಬಂತಲ್ಲ," ಎಂದ ಟ್ರೋಫಿಮ್. "ಫೆಬ್ರವರಿಯಲ್ಲಿ ಇವಳ ಅಡುಗೆಮನೆ ಪೈಪ್ ಒಡೀತು ಮೆರೆಡಿತ್. ಎಂಟು ವಾರ ಬಕೆಟ್‌ನಲ್ಲಿ ನೀರು ಹೊತ್ತಳು. ಚಳಿಗೆ ಇವಳು ಬೈದ ಬೈಗುಳ ಇದ್ಯಲ್ಲ, ನಾನು ಹಡಗಿನಲ್ಲಿ ಇಪ್ಪತ್ತು ವರ್ಷ ಇದ್ದೋನು, ನನಗೇ ಎರಡು ಹೊಸದಿದ್ವು."

ಅಗ್ರಫೇನಾ ನಗಲಿಲ್ಲ. ಗೆರೆಯವಳ ಮರಿ ಹಾಲು ಕುಡಿಯುವುದನ್ನೇ ನೋಡುತ್ತಿದ್ದಳು. ಮಂಜುಗಡ್ಡೆಯ ಕೆಳಗೆ ತಳಕ್ಕಿಳಿದ ತಣ್ಣನೆ ನೀರೇ ಮೀನನ್ನು ಹತ್ತಿರ ಹಿಡಿದಿಡುತ್ತದೆ ಎಂದು ಮೆರೆಡಿತ್ ವಸಂತದಲ್ಲೇ ಹೇಳಿದ್ದಳು. ಆಗ ಅಗ್ರಫೇನಾಳ ಕೈಯಲ್ಲಿ ಎರಡು ಬಕೆಟ್ ಇದ್ದವು, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ.

"ಬೈದಿದ್ದನ್ನ ವಾಪಸ್ ತಗೊಂಡೆ," ಎಂದಳು.

ಎರಡು ಗಂಟೆಯಾದ ಮೇಲೆ ಉತ್ತರದಿಂದ ಗಾಳಿ ಎದ್ದಿತು. ಮೊದಲು ಸಮುದ್ರ ಕಂಡಿತು, ಆಮೇಲೆ ದಂಡೆಯ ಆ ತುದಿ. ಟ್ರೋಫಿಮ್ ಹೋಗಿ ಒಂದು ಮರಿಯನ್ನು ಎತ್ತಿ, ಅದರ ಬೆನ್ನನ್ನು ತನ್ನ ಕೆನ್ನೆಗೆ ಒತ್ತಿಕೊಂಡ. "ಒಣಗಿದೆ. ಬೇಕಾದ್ರೆ ನೀನೂ ಮುಟ್ಟಿ ನೋಡು, ನನ್ನ ನಂಬಬೇಡ."

ಅವಳು ಮುಟ್ಟಿ ನೋಡಿದಳು. ಹದಿನಾರನ್ನೂ ಮುಟ್ಟಿ ನೋಡಿದಳು. ಕೊನೆಯದನ್ನು ಬಿಟ್ಟ ಮೇಲೆ ಮೆರೆಡಿತ್ ಬಂಡೆಗೆ ಬೆನ್ನು ಕೊಟ್ಟು ಕೂತು ಕೂಡಿಸಿದಳು, ಮತ್ತೆ ಮೇಲಿನಿಂದ ಕೂಡಿಸಿದಳು.

"ಒಂಬತ್ತು ಪಾಯಿಂಟ್ ಒಂದು."

ಟ್ರೋಫಿಮ್ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡ. "ಕೊಟ್ಟಿದ್ದು ದೊಡ್ಡದಾಯ್ತು," ಎಂದ, ಯಾರಿಗೆಂದು ಹೇಳದೆ. ಅಗ್ರಫೇನಾ ಉತ್ತರಕ್ಕೆ ತಿರುಗಿ ಗಾಳಿಗೆ ಮುಖವೊಡ್ಡಿ ನಿಂತಳು. ಕಣ್ಣಲ್ಲಿ ನೀರು ಬಂತು. ಗಾಳಿ ಅಷ್ಟು ಜೋರಾಗಿತ್ತು.

ಮನೆಯಲ್ಲಿ ಮಕಾರಿ ಕಿಟಕಿಯ ಹತ್ತಿರ ಕೂತಿದ್ದ. ಅವಳು ಬೂಟು ಬಿಚ್ಚಿದ ಮೇಲೆ ಕೇಳಿದ.

"ಎಷ್ಟು?"

"ಒಂಬತ್ತರ ಮೇಲೆ ಸ್ವಲ್ಪ."

"ಒಣಗಿದ್ದು ತಾನೇ? ನಮ್ಮ ಕಾಲದಲ್ಲಿ ಹೊರಗಿನ ಸಾಹೇಬರಿಗೆ ತೋರಿಸೋಕೆ ನಾವು ನೀರು ಎರಚಿ ತೂಗ್ತಿದ್ವಿ."

"ಒಣಗಿದ್ದೇ ಅಪ್ಪ."

ಮುದುಕ ತಲೆಯಾಡಿಸಿದ. "ಭಾನುವಾರ ಚರ್ಚಿನಲ್ಲಿ ಒಂದು ಮೇಣದಬತ್ತಿ ಜಾಸ್ತಿ ಹಚ್ಚು," ಎಂದ.

"ಪಾದ್ರಿ ಕೇಳಿದ್ರೆ ಯಾರ ಹೆಸರಿಗೆ ಅನ್ನಲಿ?"

"ನಮ್ಮ ಪೈಪ್ ಒಡೆದ ಪುಣ್ಯಾತ್ಮನ ಹೆಸರಿಗೆ ಅನ್ನು." ಗೋಡೆ ಹಿಡಿದು ಎದ್ದ. "ಕೈಯೆತ್ತಿದ್ದೂ ತಪ್ಪೇನಲ್ಲ ಬಿಡು."

ಅವನು ಉಗ್ರಾಣದಿಂದ ಮರದ ಪೀಪಾಯಿಯನ್ನು ಉರುಳಿಸಿಕೊಂಡು ಬಂದ. ಸೀಲ್‌ನ ಈಜುಗಾಲುಗಳನ್ನು ಉಪ್ಪುನೀರಿನಲ್ಲಿ ಹುಳಿಗೆ ಹಾಕುವ ಪೀಪಾಯಿ, ಅವನ ಅಮ್ಮನದು. ಎರಡು ವರ್ಷ ಖಾಲಿ ನಿಂತು ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು, ಅದರಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಅಗ್ರಫೇನಾ ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿ ಅದಕ್ಕೆ ಸುರಿದಳು. ನೀರು ಎಲ್ಲ ಸಂದಿನಿಂದ ಹೊರಗೆ ಹರಿದು ನೆಲವೆಲ್ಲ ಒದ್ದೆಯಾಯಿತು. ಇನ್ನೊಂದು ಬಕೆಟ್ ಸುರಿದಳು, ಮತ್ತೊಂದು.

ಇಬ್ಬರೂ ಒದ್ದೆ ಕಾಲುಚೀಲದಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದರು. ನೀರು ಕುಡಿದ ಮರ ಉಬ್ಬಿ ಸಂದು ಮುಚ್ಚುವುದು ಕಣ್ಣಿಗೆ ಕಾಣುವುದಿಲ್ಲ. ಊಟದ ಹೊತ್ತಿಗೆ ಹರಿಯುವುದು ತೊಟ್ಟಿಕ್ಕುವುದಾಯಿತು. ಆಮೇಲೆ ಒಂದೇ ಹಲಗೆಯ ಬುಡದಲ್ಲಿ ಒಂದು ಹನಿ ಕೂಡಿ, ದಪ್ಪಗಾಗಿ, ಬೀಳದೆ ಅಲ್ಲೇ ನಿಂತಿತು.