ವಸೀಮಾಳ ಅಂಗಳ ಕೋಟೆ ಬಾಗಿಲವರೆಗೆ

ಮುದಗಲ್ ಕೋಟೆಯ ಮಗ್ಗುಲಲ್ಲೇ ವಸೀಮಾಳ ಮನೆ. ಸಂಜೆ ಮಾಳಿಗೆ ಹತ್ತಿದರೆ ಕೋಟೆಯ ಗೋಡೆ ಕೆಂಪಗೆ ಹೊಳೆಯುವುದು ಕಾಣುತ್ತದೆ. ಅವಳಿಗೆ ಜೊತೆಗೊಂದು ಕನಸೂ ಕಾಣುತ್ತದೆ: ತನ್ನ ಅಂಗಳದ ಬೇವಿನ ಮರದ ಕೆಳಗೆ ಪರಊರಿನ ಜನ ಚಾಪೆಯ ಮೇಲೆ ಕೂತು ಬಿಸಿ ರೊಟ್ಟಿ ಮುರಿಯುತ್ತಿದ್ದಾರೆ, ಕೋಟೆಯ ಕಥೆ ಕೇಳುತ್ತಿದ್ದಾರೆ.

ಕನಸಿಗೇನು, ಬಾಗಿಲಿಲ್ಲ, ಬೀಗವಿಲ್ಲ! ಆದರೆ ‘ಮನೆಯೂಟ ಸಿಗುತ್ತದೆ’ ಎಂದು ಬೋರ್ಡು ಹಾಕಿದ ಮೇಲೂ ಅಂಗಳ ಖಾಲಿ. ಪ್ರವಾಸಿಗರು ಓಣಿಯ ಬಾಯಿಗೆ ಬರುತ್ತಾರೆ, ಬೋರ್ಡು ಓದುತ್ತಾರೆ, ಹಾಗೇ ತಿರುಗಿ ಹೋಗುತ್ತಾರೆ.

"ಶುಕ್ರವಾರದ ತನಕಾ ನೋಡಿ ಬೋರ್ಡ್ ತೆಗದ್ಬಿಡವ್ವಾ," ಎಂದರು ಅತ್ತೆ ಅಖ್ತರಬೇಗಂ. "ಕ್ವಾಟಿ ನೋಡಾಕ ಬಂದೋರಿಗೆ ನಿನ್ನ ರೊಟ್ಟಿ ಯಾಕ ಬೇಕು?"

ಅಷ್ಟರಲ್ಲಿ ಮಸ್ಕಿಯಿಂದ ಯಶೋಧರಾ ಬಂದಳು. ಮಹಿಳಾ ಸಂಘಗಳಿಗೆ ಕಸುಬಿನ ತರಬೇತಿ ಕೊಡುವಾಕೆ. ರೊಟ್ಟಿ, ಪುಂಡಿಪಲ್ಯ ತಿಂದು ಬೆರಳು ಚೀಪಿದಳು.

"ಮನಿ ಕನ್ನಡಿ ಹಂಗ ಇಟ್ಟೀನಿ ಅಕ್ಕಾ, ಜನ ಯಾಕ ಬರವಲ್ರು?" ಎಂದು ಕೇಳಿದಳು ವಸೀಮಾ.

"ಮನಿ ಇಟ್ಟೀಯವಾ. ಓಣಿ? ಬಾ, ಪರಊರವರಂಗ ನಡದು ನೋಡೂಣು."

ಇಬ್ಬರೂ ಕೋಟೆ ಬಾಗಿಲಿನಿಂದ ಮನೆಯ ಕಡೆ ನಡೆದರು. ಕಂದಕದ ಅಂಚಿಗೆ ತಿಪ್ಪೆ, ಗಬ್ಬುನಾತ. "ಈ ಓಣಿ ಮಂದಿಗೆ..." ಎಂದು ಬೈಯಲು ಬಾಯಿ ತೆರೆದ ವಸೀಮಾ ಹಾಗೇ ನಿಂತಳು. ತಿಪ್ಪೆಯ ಮೇಲೆ ಬೆಳಿಗ್ಗೆ ತಾನೇ ಸುರಿದ ಬೇವಿನೆಲೆ, ಉಳ್ಳಾಗಡ್ಡಿ ಸಿಪ್ಪೆ. ದೀಪದ ಬುಡದಲ್ಲೇ ಕತ್ತಲು! ನಾಚಿಕೆಯಿಂದ ಕಣ್ಣು ತುಂಬಿ ಬಂತು.

"ಅಳಬ್ಯಾಡ," ಎಂದಳು ಯಶೋಧರಾ. "ಬಂದೋರಿಗೆ ನಿನ್ನ ಅಂಗಳ ಕ್ವಾಟಿ ಬಾಗಿಲಿಂದನ ಚಾಲೂ ಆಗ್ತೈತಿ. ದಾರಿ, ನೆರಳು, ಕುಡಿಯೋ ನೀರು, ಆಟೋದವರ ಮಾತು, ಎಲ್ಲಾ ಚಲೋ ಇದ್ರ ನಿನ್ನ ರೊಟ್ಟಿ ತನಕಾ ಬರ್ತಾರ. ಒಬ್ಬಾಕಿ ನಡಸೋ ಕಸುಬಲ್ಲಿದು."

ಓಣಿಯವರೆಲ್ಲ ಕೂಡಿ ಓಣಿ ಗುಡಿಸಬೇಕು ಎಂದು ವಸೀಮಾ ಹೇಳಿದಾಗ ಮನೆಯಲ್ಲಿ ಅತ್ತೆ ನಕ್ಕರು. "ಇಡೀ ಓಣಿ ನಿನ್ನ ಮಾತು ಕೇಳ್ತೈತೇನು?"

"ಮೊಹರಂಗೆ ಯಾರ ಹೇಳ್ತಾರ್ರಿ ಅಮ್ಮಾ?" ಎಂದಳು ವಸೀಮಾ ಮೆಲ್ಲಗೆ. "ಹಿಂದೂ, ಮುಸಲ್ಮಾನ ಎಲ್ಲಾರೂ ಕೂಡಿ ಓಣಿ ಗುಡಿಸಿ, ನೀರು ಹೊಡದು, ಗುರ್ತಿಲ್ಲದೋರಿಗೂ ಶರಬತ್ತು ಕೊಡ್ತೀವಿ. ಆಗ ನಮ್ಮ ಓಣಿ ಎಷ್ಟು ಚಂದ ಕಾಣ್ತೈತಿ!"

ಅಖ್ತರಬೇಗಂ ಎದ್ದು ಪಕ್ಕದ ಮನೆಯ ಬಾಗಿಲಿಗೆ ಹೋದರು. "ಯಂಕಮ್ಮಾ, ಕಸಬರಿಗಿ ತಗೊಂಡು ಬಾರವ್ವಾ. ಮೊಹರಂ ಬಂತು ಅಂತ ತಿಳ್ಕೋ."

ಶುಕ್ರವಾರ ಬೋರ್ಡು ಕೆಳಗಿಳಿಯಲಿಲ್ಲ, ತಿಪ್ಪೆ ಇಳಿಯಿತು. ಓಣಿಯ ಕಸ ಈಗ ಕಸದ ಗಾಡಿಗೆ ಹೋಗುತ್ತದೆ. ಓಣಿಯ ಬಾಯಲ್ಲಿ ನೀರಿನ ಮಡಕೆ ಬಂದಿದೆ. ಒಂದು ಸಂಜೆ ಗಂಡಹೆಂಡತಿ ಇಬ್ಬರು ಕೋಟೆ ನೋಡುತ್ತಾ ನಿಧಾನವಾಗಿ ನಡೆದು ಬಂದು, "ಊಟ ಸಿಗುತ್ತಾ?" ಎಂದರು. ವಸೀಮಾಳಿಗೆ ಇದು ಕನಸೋ ನನಸೋ ತಿಳಿಯದಾಯಿತು. ಚಾಪೆ ಹಾಸಿದವರು ಅತ್ತೆಯೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರನ್ನೂ ನೋಡಲು ಜನ ಬರುತ್ತಾರೆ. ಬೋರ್ಡು ಬರೆಸುವ ಮೊದಲು ಪರಊರವರಂತೆ ನಿಮ್ಮ ಓಣಿಯಲ್ಲಿ ಒಮ್ಮೆ ನಡೆದು ನೋಡಿ. ಆಮೇಲೆ ನೆರೆಮನೆಯ ಬಾಗಿಲು ತಟ್ಟಿ.